ಪೇಟೆಯಲ್ಲಿ ಗಾಡಿ ನಿಲ್ಲಿಸುವ ಪಾಠ

ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ನಮ್ಮ ರೈತರ ಹೊಲದ ಹುರುಳಿಕಾಯಿ, ಟೊಮೇಟೊ, ಕೋಸು, ಸೇವಂತಿಗೆ, ಗುಲಾಬಿ ಮೊದಲಾದುವು ರಾತ್ರೋರಾತ್ರಿ ಅತ್ತಿಬೆಲೆ ದಾಟಿ ಬೆಂಗಳೂರು ಸೇರುವುದು ವಾಚಕರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಬಿತ್ತುವುದು, ಗೊಬ್ಬರ ಕೊಡುವುದು, ಔಷಧಿ ಹೊಡೆಯುವುದು, ಕೊಯ್ಯುವುದು ಇವನ್ನು ಕುರಿತು ಈ ಪುಟದಲ್ಲಿ ಆಗಾಗ್ಗೆ ಲೇಖನಗಳು ಬರುತ್ತಲೇ ಇವೆ. ಆದರೆ ಕೊಯ್ದ ಮಾಲನ್ನು ಹೊತ್ತ ಟೆಂಪೊ ಪೇಟೆಯಲ್ಲಿ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು, ಎಷ್ಟು ಹೊತ್ತು ನಿಲ್ಲಬಹುದು ಎಂಬುದನ್ನು ಯಾರಾದರೂ ಬರೆದುದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಬೆಳೆದ ಲಾಭವನ್ನು ಬೀದಿಯಲ್ಲಿ ಕಳೆದುಕೊಂಡವರನ್ನು ಮಾತ್ರ ಬೇಕಾದಷ್ಟು ಕಂಡಿದ್ದೇವೆ. ಅವರ ಪೈಕಿ ನಾವೂ ಒಬ್ಬರು. ಆದುದರಿಂದ ಮೊದಲು ನಮ್ಮ ಕಥೆಯನ್ನೇ ಹೇಳಿಬಿಡುವುದು ನ್ಯಾಯ.

ಹೋದ ವರ್ಷದ ಕಾರ್ತಿಕದಲ್ಲಿ ಒಂದು ದಿನ, ತಾರೀಖು 18, ನೆರೆಯವರೊಡನೆ ಪಾಲುಗೂಡಿ ಒಂದು ಸಣ್ಣ ಟೆಂಪೊದಲ್ಲಿ ಹುರುಳಿಕಾಯಿ ತುಂಬಿಕೊಂಡು ರಾತ್ರಿ ಹತ್ತರ ಸುಮಾರಿಗೆ ಪೇಟೆ ಸೇರಿದೆವು. ಹನ್ನೊಂದರೊಳಗೆ ಮಂಡಿಯಲ್ಲಿ ಚೀಲಗಳನ್ನು ಇಳಿಸಿದ್ದಾಯಿತು. ಖಾಲಿ ಗಾಡಿಯನ್ನು ಹತ್ತಿರದ ಅಡ್ಡರಸ್ತೆಯಲ್ಲಿ ನಿಲ್ಲಿಸಬೇಕಾಗಿತ್ತು. ಅಲ್ಲಿ ನೆಟ್ಟಿದ್ದ ಹಲಗೆಯನ್ನು ನಾವೇ ಇಳಿದು, ಕೈದೀಪ ಹಿಡಿದು ಓದಿದೆವು: ಈ ಬದಿಯಲ್ಲಿ ಸಮ ಸಂಖ್ಯೆಯ ದಿನಗಳಂದು ವಾಹನ ನಿಲ್ಲಿಸಬಹುದು. 18 ಸಮಸಂಖ್ಯೆ. ಡ್ರೈವರಿಗೆ ಧೈರ್ಯ ಹೇಳಿ ಮಂಡಿಯ ಜಗುಲಿಯ ಮೇಲೆ ಮಲಗಿದೆವು. ಬೆಳಿಗ್ಗೆ ಹರಾಜು ನೋಡಿ, ಲೆಕ್ಕ ತೀರಿಸಿಕೊಂಡು, ಎಂಟು ಗಂಟೆಗೆ ಬಂದು ನೋಡಿದರೆ ಗಾಡಿಯ ಮುಂಗಾಲಿಗೆ ಕಬ್ಬಿಣದ ಬೇಡಿ ಬಿದ್ದಿದೆ! ರಾತ್ರಿ ಹನ್ನೆರಡು ಹೊಡೆದೊಡನೆ ತಾರೀಖು 19 ಆಗಿತ್ತು. 19 ಬೆಸಸಂಖ್ಯೆ. ಇಪ್ಪತ್ತು ವರ್ಷಗಳಿಂದ ಮೂರನೆಯ ತರಗತಿಯ ಮಕ್ಕಳಿಗೆ ಸಮ ಬೆಸ ಕಲಿಸುತ್ತಿರುವ ಮೇಷ್ಟರ ಪಾಡು ಹೀಗಾಯಿತು.

ಪೋಲೀಸರನ್ನು ಹುಡುಕಿ, ದಂಡ ಕಟ್ಟಿ, ಬೇಡಿ ಬಿಡಿಸಿಕೊಂಡು ಊರು ಸೇರುವಾಗ ಮಧ್ಯಾಹ್ನ ಮೂರು ಗಂಟೆ. ದಂಡದ ಹಣ ಹೋದುದು ನಮಗೆ ದೊಡ್ಡದಾಗಿ ಕಾಣಲಿಲ್ಲ. ಆ ದಿನ ಬೆಳಗಿನಿಂದ ಕೊಯ್ದು, ಹೊಂಗೆಮರದ ಕೆಳಗೆ ರಾಶಿ ಹಾಕಿ, ಎರಡನೆಯ ಸರದಿಗೆ ಇದೇ ಗಾಡಿಯನ್ನು ಕಾಯುತ್ತಿದ್ದ ನೆರೆಯವರ ಕಾಯಿ ಬಾಡಿಹೋಗಿತ್ತು. ಅವರು ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆ ಮೇಲೆಯೇ ನಾವು ಈ ವಿಷಯದ ಕಾನೂನನ್ನು ಹುಡುಕಿ ಓದತೊಡಗಿದುದು.

ಶಿಕ್ಷಕರ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ ಸೂತ್ರವೆಂದರೆ, ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು ಎಂಬುದು. ಆದ್ದರಿಂದ ಊರ ಸಂತೆಯಿಂದಲೇ ಹೊರಡೋಣ. ಎತ್ತಿನ ಗಾಡಿಗಳ ಕಾಲವನ್ನು ಕಂಡ ಹಿರಿಯರಿಗೆ ನೆನಪಿರಬಹುದು. ಸಂತೆಮಾಳಕ್ಕೆ ಬಂದ ಗಾಡಿ ಮೂಟೆ ಇಳಿಸುವವರೆಗೆ ಮಾತ್ರ ಅಂಗಡಿಸಾಲಿನಲ್ಲಿ ನಿಲ್ಲುತ್ತಿತ್ತು. ಇಳಿಸಿದ ಮೇಲೆ ಎತ್ತುಗಳನ್ನು ಬಿಚ್ಚಿ, ನೊಗ ನೆಲಕ್ಕೆ ತಾಗಿಸಿ, ಗಾಡಿಯನ್ನು ಮಾಳದ ಅಂಚಿನ ಮರದಡಿಗೆ ಸಾಗಿಸುತ್ತಿದ್ದರು. ನಡುದಾರಿಯಲ್ಲಿ ನೊಗ ಇಳಿಸಿದವನಿಗೆ ಹಿಂದಿನಿಂದ ಬಂದವರು ಬೈಯುತ್ತಿದ್ದರು. ಅಲ್ಲಿ ಹಲಗೆಯೂ ಇರಲಿಲ್ಲ, ದಂಡವೂ ಇರಲಿಲ್ಲ. ಆದರೆ ತಡೆದು ನಿಲ್ಲುವುದು ಬೇರೆ, ಸರಕಿಳಿಸಲು ನಿಲ್ಲುವುದು ಬೇರೆ, ಬಿಟ್ಟುಹೋಗುವುದು ಬೇರೆ ಎಂಬ ವಿವೇಕ ಎಲ್ಲರಿಗೂ ಇತ್ತು. ನಗರದ ನಿಯಮಗಳೆಲ್ಲ ನಿಂತಿರುವುದು ಈ ಮೂರರ ಭೇದದ ಮೇಲೆಯೇ.

ಈ ಭೇದವನ್ನು ರಸ್ತೆಯಲ್ಲಿ ತಿಳಿಸುವ ಚಿಹ್ನೆಗಳು ಎರಡು. ಎರಡೂ ದುಂಡಗಿನ ನೀಲಿ ಹಲಗೆಗಳು, ಅಂಚಿಗೆ ಕೆಂಪು ಪಟ್ಟಿ. ನಡುವೆ ಓರೆಯಾಗಿ ಒಂದೇ ಕೆಂಪು ಗೀಟಿದ್ದರೆ ಅಲ್ಲಿ ಗಾಡಿ ಬಿಟ್ಟು ಹೋಗಕೂಡದು ಎಂದರ್ಥ. ಕೆಲವು ಕಡೆ ಇದರಲ್ಲಿ ಪಿ ಎಂಬ ಇಂಗ್ಲಿಷ್ ಅಕ್ಷರವೂ ಇರುತ್ತದೆ. ಎರಡು ಕೆಂಪು ಗೀಟುಗಳು ಒಂದನ್ನೊಂದು ಕತ್ತರಿಸಿ ಗುಣಿಸು ಚಿಹ್ನೆಯಂತೆ ಕಂಡರೆ ಅಲ್ಲಿ ನಿಲ್ಲುವುದೇ ಕೂಡದು. ಡ್ರೈವರು ಕುಳಿತೇ ಇರಲಿ, ಯಂತ್ರ ಓಡುತ್ತಲೇ ಇರಲಿ, ಒಂದು ಬುಟ್ಟಿ ಹೂವು ಇಳಿಸುವಷ್ಟು ಹೊತ್ತೂ ನಿಲ್ಲಬಾರದು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಂದು ಗೀಟಿಗೂ ಎರಡು ಗೀಟಿಗೂ ಇರುವ ವ್ಯತ್ಯಾಸವನ್ನು ಹತ್ತು ವರ್ಷ ಲಾರಿ ಓಡಿಸಿದವರೂ ನಮಗೆ ಸರಿಯಾಗಿ ಹೇಳಲಿಲ್ಲ. ಚೌಕನೆಯ ನೀಲಿ ಹಲಗೆಯಲ್ಲಿ ಬಿಳಿಯ ಪಿ ಅಕ್ಷರ ಇದ್ದರೆ ಅದು ನಿಲ್ಲಿಸಲು ಅನುಮತಿ ಇರುವ ಜಾಗ. ರಸ್ತೆಯ ಅಂಚಿನಲ್ಲಿ ಕಡಿಯದೆ ಸಾಗುವ ಹಳದಿ ಗೀಟು ಇದ್ದಲ್ಲಿಯೂ ಗಾಡಿ ಬಿಡಬಾರದು. ಹಲಗೆ ಲಾರಿಯ ಮರೆಯಲ್ಲಿ ಇರಬಹುದು, ಮರದ ರೆಂಬೆ ಅದನ್ನು ಮುಚ್ಚಿರಬಹುದು. ಹಳದಿ ಗೀಟು ಕಾಲಬುಡದಲ್ಲೇ ಇರುತ್ತದೆ.

ಮುಖ್ಯ ಹಲಗೆಯ ಕೆಳಗೆ ಒಂದು ಸಣ್ಣ ಹಲಗೆಯಿದ್ದರೆ ಅದನ್ನು ತಪ್ಪದೆ ಓದತಕ್ಕದ್ದು. ವೇಳೆ, ದೂರ, ಬಾಣದ ಗುರುತು, ಯಾವ ಜಾತಿಯ ವಾಹನಕ್ಕೆ ಈ ನಿಯಮ ಎಂಬುದೆಲ್ಲ ಇರುವುದು ಅಲ್ಲಿಯೇ. ಚಿತ್ರಗಳು ಭಾರತದಲ್ಲೆಲ್ಲ ಒಂದೇ. 1988ರ ಮೋಟಾರು ವಾಹನ ಕಾನೂನಿನ 116ನೆಯ ಕಲಮು ಮತ್ತು ಅದಕ್ಕೆ ಸೇರಿದ ಅನುಸೂಚಿಯಂತೆ ಅವುಗಳ ಆಕಾರ, ಬಣ್ಣ ಗೊತ್ತಾಗಿವೆ. ಹೊಸೂರಿನಲ್ಲಿ ಕಲಿತದ್ದು ಬೆಂಗಳೂರಿಗೂ ಸರಿ, ಸೋಲಾಪುರಕ್ಕೂ ಸರಿ. ಆದರೆ ಕೆಳಗಿನ ಸಣ್ಣ ಹಲಗೆಯ ಅಕ್ಷರ ಊರಿನಿಂದ ಊರಿಗೆ ಬೇರೆ. ಬೆಂಗಳೂರಿನಲ್ಲಿ ಅದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತದೆ. ನಮ್ಮ ಗಾಡಿಗಳನ್ನು ಓಡಿಸುವ ಹುಡುಗರಲ್ಲಿ ಅನೇಕರು ತಮಿಳು ಶಾಲೆಯಲ್ಲಿ ಓದಿದವರು. ಮನೆಯಲ್ಲಿ ಕನ್ನಡವಾಡುವವರೂ ಅಕ್ಷರ ಬಲ್ಲವರಲ್ಲ. ಹಾಗಾಗಿ ಮಾಲಿನ ಜೊತೆಗೆ ಹೋಗುವ ಕನ್ನಡ ಬಲ್ಲ ಹಿರಿಯರು ನಿದ್ದೆ ತೂಗುತ್ತ ಕೂರದೆ ಇಳಿದು ಓದಿ ಹೇಳುವುದು ಒಳ್ಳೆಯದು. ಓದಿದ ಮೇಲೆ ಗಡಿಯಾರವನ್ನೂ ಒಮ್ಮೆ ನೋಡಬೇಕೆಂಬುದಕ್ಕೆ ನಾವೇ ಸಾಕ್ಷಿ.

ಈ ಸಮ ಬೆಸದ ಪದ್ಧತಿಯನ್ನು ಕುರಿತು ಇನ್ನೊಂದು ಮಾತು. ರಸ್ತೆಯ ಎರಡು ಬದಿಯ ಅಂಗಡಿಯವರಿಗೂ ಭಾರ ಸಮನಾಗಿ ಹಂಚಲಿ ಎಂದು ಇದನ್ನು ಮಾಡಿದ್ದಾರೆ. ಆದರೆ 31 ದಿನಗಳ ತಿಂಗಳು ಮುಗಿದು ಮರುದಿನ 1ನೆಯ ತಾರೀಖು ಬಂದಾಗ ಎರಡೂ ಬೆಸ. ಆಗ ಬದಿ ಬದಲಾಗುವುದಿಲ್ಲ. ಇದನ್ನು ನಮ್ಮ ಶಾಲೆಯ ಒಬ್ಬ ಹುಡುಗಿ ಕಂಡುಹಿಡಿದು ಹೇಳಿದಳು. ನಮಗೆ ಹೊಳೆದಿರಲಿಲ್ಲ.

ಇನ್ನು, ಹಲಗೆಯೇ ಇಲ್ಲದ ಕಡೆ ಏನು? ಹಲಗೆಯಿಲ್ಲದಿದ್ದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದು ತಿಳಿದವರು ಬಹಳ. ಅದು ತಪ್ಪು. ಹಲಗೆ ಇರಲಿ ಇಲ್ಲದಿರಲಿ ಕೆಲವು ಜಾಗಗಳಲ್ಲಿ ಗಾಡಿ ನಿಲ್ಲಿಸುವುದನ್ನು ಕೇಂದ್ರ ಸರ್ಕಾರದ ರಸ್ತೆ ನಿಯಮಗಳೇ ನಿಷೇಧಿಸಿವೆ. 1989ರಲ್ಲಿ ಇಂಥ ನಿಯಮಾವಳಿ ಬಂದಿತ್ತು. 2017ರಲ್ಲಿ ಅದರ ಬದಲಿಗೆ ಹೊಸದು ಬಂತು. ರಸ್ತೆಗಳು ಕೂಡುವ ಜಾಗ, ತಿರುವು, ಏರಿನ ನೆತ್ತಿ, ಸೇತುವೆ, ಕಾಲುದಾರಿ, ಜನ ರಸ್ತೆ ದಾಟುವ ಪಟ್ಟೆ, ಬಸ್ಸು ನಿಲ್ಲುವ ತಾಣ, ಶಾಲೆ ಆಸ್ಪತ್ರೆಗಳ ಬಾಗಿಲು, ಇನ್ನೊಬ್ಬರ ಮನೆ ಅಂಗಡಿಗಳ ಪ್ರವೇಶದ್ವಾರ, ನಿಂತ ಗಾಡಿಯ ಮಗ್ಗುಲು, ನಿಂತ ಗಾಡಿಯ ಎದುರುಬದಿ, ರಸ್ತೆಯ ಬಲಭಾಗ ಇವೆಲ್ಲ ನಿಷಿದ್ಧ. ಬಾಯಿಪಾಠ ಮಾಡಿದರೆ ಇದು ಎರಡು ದಿನಕ್ಕೆ ಮರೆತುಹೋಗುತ್ತದೆ. ಒಂದೊಂದಕ್ಕೂ ಇರುವ ಕಾರಣ ತಿಳಿದರೆ ಮರೆಯುವುದಿಲ್ಲ. ಅದಕ್ಕಾಗಿ ನಾವು ಶಾಲೆಯ ಅಂಗಳದಲ್ಲಿ ಐದನೆಯ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಒಂದು ಪ್ರಯೋಗ ಮಾಡಿದೆವು. ವಾಚಕರೂ ಕಣದಲ್ಲಿ ಇದನ್ನು ಮಾಡಿ ನೋಡಬಹುದು. ಬೇಕಾದುದು ಸುಣ್ಣ ಮತ್ತು ಒಂದು ಹಗ್ಗ.

ಎರಡು ಸಾಲು ವಾಹನಗಳು ಹೋಗುವ ಸಾಮಾನ್ಯ ರಸ್ತೆಗೆ ಸಾಲಿಗೆ ಮೂರೂವರೆ ಮೀಟರಿನಂತೆ 7 ಮೀಟರು ಅಗಲ ಇಡುವುದು ವಾಡಿಕೆ. ಅಂದರೆ ಸುಮಾರು 23 ಅಡಿ. ಅಷ್ಟು ಅಂತರದಲ್ಲಿ ಸುಣ್ಣದಿಂದ ಎರಡು ಗೀಟು ಎಳೆದೆವು. ಲಾರಿಯ ಅಗಲ ಹೆಚ್ಚೆಂದರೆ 2.6 ಮೀಟರು, ಅಂದರೆ ಎಂಟೂವರೆ ಅಡಿ ಇರಬಹುದೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅಷ್ಟು ಅಗಲಕ್ಕೆ ಹುಡುಗರನ್ನು ಕೈಹಿಡಿಸಿ ಎಡ ಅಂಚಿಗೆ ಒತ್ತಿ ನಿಲ್ಲಿಸಿದೆವು. ಉಳಿದುದು 4.4 ಮೀಟರು. ಒಂದು ಬಸ್ಸು ಧಾರಾಳವಾಗಿ ಹೋಗಬಹುದು. ಎರಡು ಎದುರುಬದುರಾದರೆ ಒಂದು ಕಾಯಬೇಕು. ಇಷ್ಟಕ್ಕೆ ಅಡ್ಡಿಯಿಲ್ಲ. ಈಗ ಎದುರು ಬದಿಯಲ್ಲಿ ಇನ್ನೊಂದು ಲಾರಿಯನ್ನು ನಿಲ್ಲಿಸಿದೆವು. ನಡುವೆ ಉಳಿದುದು 1.8 ಮೀಟರು, ಆರು ಅಡಿಗೆ ಸ್ವಲ್ಪ ಕಡಿಮೆ. ಸಾಮಾನ್ಯವಾದ ಆಂಬುಲೆನ್ಸ್ ಗಾಡಿಯ ಅಗಲವೇ ಸುಮಾರು 2 ಮೀಟರು. ಎದುರುಬದಿಯ ಲಾರಿಯನ್ನು ತೆಗೆದು, ಅದನ್ನು ಮೊದಲ ಲಾರಿಯ ಮಗ್ಗುಲಿಗೆ ತಂದು ನಿಲ್ಲಿಸಿದೆವು. ಲೆಕ್ಕ ಬಲ್ಲವರು ಮೊದಲೇ ಊಹಿಸಿರಬಹುದು, ಆಗಲೂ ಉಳಿದುದು ಅದೇ 1.8 ಮೀಟರು. ಎದುರಿಗೆ ನಿಲ್ಲುವುದೂ ಮಗ್ಗುಲಿಗೆ ನಿಲ್ಲುವುದೂ ರಸ್ತೆಯ ಲೆಕ್ಕದಲ್ಲಿ ಒಂದೇ. ಅಂಚಿನಿಂದ ಎರಡಡಿ ದೂರ ನಿಲ್ಲಿಸಿದರೆ ಆ ಎರಡಡಿಯನ್ನೂ ರಸ್ತೆಯಿಂದ ಕಳೆಯಬೇಕು. ಹಗ್ಗವನ್ನು ಎರಡು ಮೀಟರು ಅಗಲಕ್ಕೆ ಹಿಡಿದುಕೊಂಡು ಆಂಬುಲೆನ್ಸ್ ಆಗಿ ಓಡಿಬಂದ ನಾಲ್ವರು ಮಕ್ಕಳು ನಡುವೆ ಸಿಕ್ಕಿಕೊಂಡರು. ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

ಮಕ್ಕಳಿಗೆ ಅದು ಆಟ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತ ಅದು ಆಟವಲ್ಲ. 1928ರಲ್ಲಿ ಕಟ್ಟಿದ ಆ ಮಾರುಕಟ್ಟೆಯ ನೆರೆಯಲ್ಲಿಯೇ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ ಇದೆ. ಹೆಂಗಸರ ಮಕ್ಕಳ ವಾಣಿವಿಲಾಸ ಆಸ್ಪತ್ರೆ, ಕಣ್ಣಿನ ಮಿಂಟೊ ಆಸ್ಪತ್ರೆಗಳೂ ಅಲ್ಲಿಯೇ. ಕೋಸಿನ ಮೂಟೆಯೂ ಹೆರಿಗೆಯ ನೋವಿನ ಹೆಂಗಸೂ ಒಂದೇ ರಸ್ತೆಯಲ್ಲಿ ಬರಬೇಕು. ನಮ್ಮ ಹಳ್ಳಿಗಳಿಂದಲೂ ಹೊಸೂರಿನಲ್ಲಿ ಆಗದ ಕಾಯಿಲೆಯವರನ್ನು ಇಂಥ ಆಸ್ಪತ್ರೆಗಳಿಗೇ ಕೊಂಡೊಯ್ಯುತ್ತಾರೆ. ಪೇಟೆಯ ಒಂದು ರಸ್ತೆಯಲ್ಲಿ ನಾವೇ ಒಂದು ಬೆಳಗಿನ ಜಾವ ಕಂಡುದು ಇದು: ಅಂಚಿಗೆ ಒಂದು ಲಾರಿ, ಅದರ ಮಗ್ಗುಲಿಗೆ ಹೂವಿನ ಟೆಂಪೊ, ಟೆಂಪೊದವನು ಐದೇ ನಿಮಿಷ ಎಂದು ಮಂಡಿಯವನನ್ನು ಕರೆಯಲು ಹೋಗಿದ್ದ. ಹಿಂದೆ ಆಂಬುಲೆನ್ಸ್ ಕೂಗುತ್ತ ನಿಂತಿತ್ತು. ಹಮಾಲರೆಲ್ಲ ಸೇರಿ ಟೆಂಪೊವನ್ನು ಕೈಯಿಂದ ತಳ್ಳಿ ದಾರಿ ಮಾಡಿದರು. ಗಾಡಿಯ ಹಿಂದಿನ ಸಂಖ್ಯೆ ಟಿ.ಎನ್. 70, ಅಂದರೆ ನಮ್ಮ ಹೊಸೂರಿನದು. ಒಳಗೆ ಮಲಗಿದ್ದವರು ಯಾರೋ ತಿಳಿಯದು.

ಮೂಲೆಯಲ್ಲಿ ನಿಲ್ಲಬಾರದೇಕೆಂದು ಎತ್ತಿನ ಗಾಡಿ ಹೊಡೆದವರಿಗೆ ಬೇಗ ತಿಳಿದೀತು. ಗಾಡಿ ಓಣಿಗೆ ತಿರುಗುವಾಗ ಎತ್ತುಗಳು ದೂರದಿಂದ ತಿರುಗಿದರೂ ಒಳಗಾಲಿ ಮೂಲೆಯ ಕಲ್ಲನ್ನು ತಿಕ್ಕಿಕೊಂಡೇ ಬರುತ್ತದೆ. ಉದ್ದನೆಯ ಲಾರಿಯ ಹಿಂಗಾಲಿಯೂ ಹಾಗೆಯೇ ಒಳಕ್ಕೆ ಕತ್ತರಿಸುತ್ತದೆ. ಮೂಲೆಯಲ್ಲಿ ನಿಂತ ಗಾಡಿ ಅದಕ್ಕೆ ಅಡ್ಡ. ಮೇಲಾಗಿ ಅಡ್ಡರಸ್ತೆಯಿಂದ ಬರುವವನ ಕಣ್ಣಿಗೂ ಮರೆ. ತಿರುವು, ಏರಿನ ನೆತ್ತಿಗಳ ವಿಷಯವೂ ಕಣ್ಣಿನದೇ. ಗಂಟೆಗೆ 60 ಕಿಲೊಮೀಟರು ವೇಗದಲ್ಲಿ ಬರುವ ಗಾಡಿ ಅಪಾಯವನ್ನು ಕಂಡು, ಬ್ರೇಕು ಒತ್ತಿ, ನಿಲ್ಲಲು 80 ಮೀಟರು ಬೇಕೆಂದು ರಸ್ತೆ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಏರಿನ ನೆತ್ತಿಯ ಆಚೆ 20 ಮೀಟರಿನಲ್ಲಿ ನಿಮ್ಮ ಟೆಂಪೊ ನಿಂತಿದ್ದರೆ ಅವನು ಎಷ್ಟು ಜಾಣನಾದರೂ ಏನು ಮಾಡಿಯಾನು? ಬಸ್ಸಿನ ತಾಣದಲ್ಲಿ ನಾವು ನಿಂತರೆ ಬಸ್ಸು ರಸ್ತೆಯ ನಡುವೆ ನಿಲ್ಲುತ್ತದೆ, ಮುದುಕಿಯರು ಬೈಸಿಕಲ್ಲುಗಳ ನಡುವೆ ಇಳಿಯಬೇಕಾಗುತ್ತದೆ. ಇದಕ್ಕೆ ವಿವರಣೆ ಬೇಕಿಲ್ಲ.

ಮುಖ್ಯ ಕಾನೂನಿನ ಎರಡು ಕಲಮುಗಳನ್ನು ರೈತರು ತಿಳಿದಿರಲೇಬೇಕು. 122ನೆಯ ಕಲಮು ಸಾರ್ವಜನಿಕ ಸ್ಥಳದಲ್ಲಿ ಅಪಾಯವೋ ಅಡ್ಡಿಯೋ ಅತಿಯಾದ ತೊಂದರೆಯೋ ಆಗುವಂತೆ ವಾಹನವನ್ನು ನಿಲ್ಲಿಸಬಾರದು ಎನ್ನುತ್ತದೆ. ಅದರಲ್ಲಿ ಟ್ರೈಲರ್ ಎಂಬ ಮಾತೂ ಬಿಡಿಯಾಗಿಯೇ ಸೇರಿದೆ. ಟ್ರ್ಯಾಕ್ಟರನ್ನು ಬಿಚ್ಚಿಕೊಂಡು ಹೋಗಿ ಟ್ರೈಲರನ್ನು ಮಾತ್ರ ದಾರಿಬದಿಯಲ್ಲಿ ಬಿಟ್ಟರೆ, ಇದು ಗಾಡಿಯಲ್ಲ, ಬರೀ ತೊಟ್ಟಿ ಎಂದು ವಾದಿಸಿ ತಪ್ಪಿಸಿಕೊಳ್ಳಲಾಗದು. ನಮ್ಮ ಊರುಗಳಲ್ಲಿ ಕಬ್ಬಿನದೋ ಕಲ್ಲಿನದೋ ಟ್ರೈಲರುಗಳು ದೀಪವಿಲ್ಲದೆ ರಾತ್ರಿಯಿಡೀ ಟಾರು ರಸ್ತೆಯಲ್ಲಿ ನಿಂತಿರುವುದನ್ನು ನೋಡಿದಾಗ ನಮಗೆ ಎದೆ ನಡುಗುತ್ತದೆ. ಪೇಟೆಯವರನ್ನು ದೂರುವ ಮೊದಲು ಇದನ್ನು ನಾವೇ ಸರಿಪಡಿಸಿಕೊಳ್ಳಬಹುದು.

126ನೆಯ ಕಲಮು ಡ್ರೈವರನ್ನು ಕುರಿತದ್ದು. ನಿಂತ ಗಾಡಿಯಲ್ಲಿ ಲೈಸೆನ್ಸು ಇರುವವರೊಬ್ಬರು ಡ್ರೈವರ ಸ್ಥಾನದಲ್ಲಿ ಕುಳಿತಿರಬೇಕು, ಇಲ್ಲವಾದರೆ ಯಂತ್ರ ನಿಲ್ಲಿಸಿ, ಬ್ರೇಕು ಹಾಕಿ, ಗಾಡಿ ತಾನಾಗಿ ಉರುಳದಂತೆ ಮಾಡಿರಬೇಕು. ಹದಿನಾರು ವರ್ಷದ ಮಗನನ್ನು ಸೀಟಿನಲ್ಲಿ ಕೂರಿಸಿ ಪೋಲೀಸರು ಬಂದರೆ ಮುಂದಕ್ಕೆ ತೆಗೆ ಎಂದು ಹೇಳಿ ಹೋಗುವ ಪದ್ಧತಿ ನಮ್ಮಲ್ಲಿ ಉಂಟು. ಅದು ನಿಲ್ಲಿಸುವ ತಪ್ಪಿಗಿಂತ ನೂರುಪಾಲು ದೊಡ್ಡ ತಪ್ಪು. ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಕೊಡುವುದು ಸರಿಯೇ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟುಬರುವವರಿದ್ದಾರಲ್ಲ, ಅವರಿಗೆ ರಾತ್ರಿ ಸ್ಕೂಟರಿನಲ್ಲಿ ಬರುವವನ ನೆನಪಾಗಬೇಕು.

ಗಾಡಿ ಎಲ್ಲಿ ನಿಲ್ಲಬೇಕೆಂಬ ಜಗಳ ಮೋಟಾರಿನ ಜೊತೆ ಹುಟ್ಟಿದುದಲ್ಲ. ದಕ್ಷಿಣ ಇಟಲಿಯಲ್ಲಿ 1732ರಲ್ಲಿ ಸಿಕ್ಕಿದ ಒಂದು ಕಂಚಿನ ಶಾಸನವಿದೆ. ಅದರಲ್ಲಿರುವ ಕಟ್ಟಳೆಯನ್ನು ಸಾಮಾನ್ಯವಾಗಿ ಜೂಲಿಯಸ್ ಸೀಸರನ ಕಾಲದ್ದು, ಕ್ರಿಸ್ತಪೂರ್ವ 45ರ ಸುಮಾರಿನದು ಎಂದು ಎಣಿಸುತ್ತಾರೆ. ಸೂರ್ಯೋದಯದಿಂದ ಹಗಲಿನ ಹತ್ತನೆಯ ಹೊರೆಯವರೆಗೆ, ಎಂದರೆ ನಮ್ಮ ಲೆಕ್ಕದಲ್ಲಿ ಸಂಜೆ ನಾಲ್ಕರ ಸುಮಾರಿನವರೆಗೆ, ರೋಮ್ ನಗರದೊಳಗೆ ಸರಕಿನ ಬಂಡಿಗಳು ಓಡಾಡಕೂಡದು ಎಂದು ಅದರಲ್ಲಿದೆ. ದೇವಾಲಯ ಕಟ್ಟುವ ಸಾಮಗ್ರಿಗೆ ವಿನಾಯಿತಿ. ರಾತ್ರಿ ಒಳಬಂದ ಬಂಡಿ ಹಗಲಿನಲ್ಲಿ ಹಿಂದಿರುಗಬೇಕಾದರೆ ಖಾಲಿಯಾಗಿ ಹೋಗಬಹುದು, ಇಲ್ಲವೆ ಗೊಬ್ಬರ ಹೇರಿಕೊಂಡು ಹೋಗಬಹುದು! ಈ ಕೊನೆಯ ಮಾತನ್ನು ಓದಿದಾಗ, ಕಟ್ಟಳೆ ಬರೆದವನಿಗೆ ಬೇಸಾಯ ಗೊತ್ತಿತ್ತೆಂದು ನಮಗೆ ಬಹಳ ಸಂತೋಷವಾಯಿತು. ಹಗಲಿನ ಗದ್ದಲವೇನೋ ತಪ್ಪಿತು. ರಾತ್ರಿಯ ಬಂಡಿಗಳ ಸದ್ದಿನಿಂದ ನಿದ್ದೆಯಿಲ್ಲವೆಂದು ಜುವೆನಲ್ ಎಂಬ ರೋಮಿನ ಕವಿ ಆಮೇಲೆ ಗೊಣಗಿದ್ದಾನೆ.

ಬೆಂಗಳೂರಿನಲ್ಲಿಯೂ ದೊಡ್ಡ ಲಾರಿಗಳಿಗೆ ಹಗಲಿನ ಗೊತ್ತಾದ ವೇಳೆಗಳಲ್ಲಿ ಪ್ರವೇಶವಿಲ್ಲದಿರುವುದು ಇದೇ ತರ್ಕದಿಂದ. ಸರ್ಕಾರಕ್ಕೆ ಆ ಅಧಿಕಾರ 115ನೆಯ ಕಲಮಿನಲ್ಲಿದೆ. ಈ ವೇಳೆಗಳು ರಸ್ತೆಯಿಂದ ರಸ್ತೆಗೆ ಬೇರೆ, ಆಗಾಗ್ಗೆ ಬದಲಾಗುವುದೂ ಉಂಟು. ಆದ್ದರಿಂದ ಇಲ್ಲಿ ಗಂಟೆಗಳನ್ನು ಬರೆದು ವಾಚಕರನ್ನು ದಾರಿತಪ್ಪಿಸಲು ನಮಗೆ ಮನಸ್ಸಿಲ್ಲ. ಮಂಡಿಯವರನ್ನು ಹೊರಡುವ ಮುನ್ನ ಫೋನಿನಲ್ಲಿ ಕೇಳಿಕೊಳ್ಳುವುದು ಸುಲಭ. ನೆನಪಿಡಬೇಕಾದುದು, ಒಳಗೆ ಬಂದ ಲಾರಿ ನಿಷೇಧದ ವೇಳೆಗೆ ಮೊದಲು ಹೊರಟುಹೋಗದಿದ್ದರೆ ಇಡೀ ಹಗಲು ಅಲ್ಲೇ ನಿಲ್ಲಬೇಕಾಗುತ್ತದೆ, ಹಾಗೆ ನಿಲ್ಲುವ ಜಾಗವೋ ಸಿಗುವುದಿಲ್ಲ.

ತಪ್ಪಿದವರಿಗೆ ಏನಾಗುತ್ತದೆ? 127ನೆಯ ಕಲಮಿನಂತೆ, ನಿಷೇಧವಿರುವ ಜಾಗದಲ್ಲಿ ನಿಂತ ಗಾಡಿಯನ್ನು, ಇಲ್ಲವೆ ಹತ್ತು ಗಂಟೆಗಳಿಗೂ ಮೀರಿ ದಿಕ್ಕಿಲ್ಲದೆ ಬಿಟ್ಟ ಗಾಡಿಯನ್ನು ಎಳೆದುಕೊಂಡು ಹೋಗಲು ಅಥವಾ ಗಾಲಿಗೆ ಬೇಡಿ ಹಾಕಲು ಅಧಿಕಾರವಿರುವುದು ಆ ವ್ಯಾಪ್ತಿಯ, ಸಮವಸ್ತ್ರ ಧರಿಸಿದ ಪೋಲೀಸ್ ಅಧಿಕಾರಿಗೆ. ಎಳೆಯುವ ಖರ್ಚು ಗಾಡಿಯ ಒಡೆಯನದು, ದಂಡ ಅದರ ಮೇಲೆ. ಬೇರೆ ದಂಡ ಹೇಳದ ತಪ್ಪುಗಳಿಗೆ 177ನೆಯ ಕಲಮಿನಲ್ಲಿ ಮೊದಲ ಸಲಕ್ಕೆ 500 ರೂಪಾಯಿಗಳವರೆಗೆ, ಮತ್ತೆ ಮಾಡಿದರೆ 1500 ರೂಪಾಯಿಗಳವರೆಗೆ ಎಂದು 2019ರ ತಿದ್ದುಪಡಿ ಏರಿಸಿದೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ಆಯಾ ರಾಜ್ಯ ಗೊತ್ತುಮಾಡುವುದರಿಂದ ತಮಿಳುನಾಡಿನಲ್ಲಿ ಕಟ್ಟಿದ್ದೇ ಕರ್ನಾಟಕದಲ್ಲೂ ಇರಬೇಕೆಂದು ಹಟಮಾಡಬಾರದು. ಕಟ್ಟಿದ ಹಣಕ್ಕೆ ರಸೀದಿ ಕೇಳಿ ಪಡೆಯತಕ್ಕದ್ದು. ರಸೀದಿಯಿಲ್ಲದೆ ಕೊಟ್ಟ ಹಣ ದಂಡವಲ್ಲ, ಅದರ ಹೆಸರು ಬೇರೆ.

ಈಗ ಪೋಲೀಸರು ಕಾಣದಿದ್ದರೂ ಕ್ಯಾಮರಾ ಕಾಣುತ್ತದೆ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಲ್ಲಿ, ಕ್ಯಾಮರಾ ಸಾಕ್ಷ್ಯದಿಂದ ದಂಡ ಹಾಕಬಹುದಾದ ತಪ್ಪುಗಳ ಪೈಕಿ ನಿಲ್ಲಿಸಬಾರದ ಕಡೆ ಗಾಡಿ ನಿಲ್ಲಿಸುವುದೂ ಸೇರಿತು. ತಪ್ಪು ನಡೆದ 15 ದಿನಗಳೊಳಗೆ ನೋಟೀಸು ಕಳುಹಿಸಬೇಕೆಂದು ಅದರಲ್ಲಿ ಹೇಳಿತ್ತು. ನೋಟೀಸು ಹೋಗುವುದು ದಾಖಲೆಯಲ್ಲಿರುವ ಒಡೆಯನ ಹೆಸರಿಗೆ, ಅವನು ಬರೆಸಿದ ಫೋನ್ ನಂಬರಿಗೆ. ಗಾಡಿ ಕೊಂಡಾಗಿನ ನಂಬರು ಎಂದೋ ಬದಲಾಗಿದ್ದರೆ ದಂಡ ಒಂದರ ಮೇಲೊಂದು ಬೆಳೆಯುತ್ತಿರುವುದು ಒಡೆಯನಿಗೇ ತಿಳಿಯದು. ಗಾಡಿ ಮಾರಿ ಹೆಸರು ಬದಲಾಯಿಸದೆ ಬಿಟ್ಟವರ ಗತಿಯೂ ಹಾಗೆಯೇ, ಕೊಂಡವನು ಮಾಡಿದ ತಪ್ಪಿಗೆ ಇವರಿಗೆ ನೋಟೀಸು. 2023ರ ಫೆಬ್ರವರಿ 3ರಿಂದ 11ರವರೆಗೆ ಕರ್ನಾಟಕದಲ್ಲಿ ಬಾಕಿ ದಂಡಗಳಿಗೆ ಅರ್ಧ ರಿಯಾಯಿತಿ ಕೊಟ್ಟಿದ್ದರು. ಅಂಥದು ಮತ್ತೆ ಬಂದೀತೆಂದು ಕಟ್ಟದೆ ಕಾಯುವುದು ನಮಗೆ ಸರಿಕಾಣುವುದಿಲ್ಲ. ಇನ್ನೊಂದು ಎಚ್ಚರಿಕೆ. ದಂಡ ಬಾಕಿ ಇದೆ, ಇದನ್ನು ಒತ್ತಿ ಎಂದು ಮೋಸಗಾರರೂ ಸಂದೇಶ ಕಳುಹಿಸುತ್ತಾರೆ. ಒತ್ತಿದರೆ ಬ್ಯಾಂಕಿನ ಹಣ ಹೋದೀತು. ಫೋನಿಗೆ ಬಂದುದನ್ನು ಒತ್ತದೆ, ಓದು ಬಲ್ಲ ಮಕ್ಕಳ ಕೈಯಲ್ಲಿ ಸಾರಿಗೆ ಇಲಾಖೆಯ ಸರ್ಕಾರಿ ತಾಣದಲ್ಲಿ ಗಾಡಿಯ ಸಂಖ್ಯೆ ಕೊಟ್ಟು ನೋಡಿಸಿಕೊಳ್ಳತಕ್ಕದ್ದು.

ಇಷ್ಟೆಲ್ಲ ಬರೆದ ಮೇಲೆ ವಾಚಕರು ಒಂದು ಪ್ರಶ್ನೆ ಕೇಳಿಯಾರು. ಅಲ್ಲಿ ನಿಲ್ಲಬೇಡ, ಇಲ್ಲಿ ನಿಲ್ಲಬೇಡ ಎಂದರೆ ಎಲ್ಲಿ ನಿಲ್ಲೋಣ? ಪ್ರಶ್ನೆ ನ್ಯಾಯವಾದುದೇ. ಬೇಡ ಎನ್ನುವ ಹಲಗೆಗಳನ್ನು ನಗರ ಎಷ್ಟು ಉದಾರವಾಗಿ ನೆಡುತ್ತದೋ, ಸರಕಿನ ಗಾಡಿಗೆ ಬಾ ಎನ್ನುವ ಹಲಗೆಗಳನ್ನು ಅಷ್ಟು ನೆಡುವುದಿಲ್ಲ. ರಾತ್ರಿಯೆಲ್ಲ ಓಡಿಸಿದ ಡ್ರೈವರಿಗೆ ಎರಡು ಗಂಟೆ ಕಣ್ಣು ಮುಚ್ಚಲು ಜಾಗ ಬೇಡವೆ, ನೀರು ಬೇಡವೆ? ಆದರೆ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 117ನೆಯ ಕಲಮಿನಂತೆ ರಾಜ್ಯ ಸರ್ಕಾರವೋ ಅದು ನೇಮಿಸಿದ ಅಧಿಕಾರಿಯೋ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ವಾಹನಗಳು ನಿಲ್ಲುವ ಸ್ಥಳಗಳನ್ನು, ನಿಲ್ಲಬಹುದಾದ ಅವಧಿಯನ್ನು ಗೊತ್ತುಮಾಡಬಹುದು. ಬೆಳಗಿನ ಮೂರರಿಂದ ಆರರವರೆಗೆ ಇಂಥ ಬೀದಿಯ ಇಂಥ ಬದಿ ತರಕಾರಿ ಇಳಿಸುವವರಿಗೆ ಮೀಸಲು ಎಂದು ಮಾಡಲು ಕಾನೂನಿನಲ್ಲಿ ಅಡ್ಡಿಯಿಲ್ಲ.

ಇದನ್ನು ಕೇಳುವವರು ಯಾರು ಎಂಬುದೇ ತೊಡಕು. ನಾವು ಬೆಳೆಯುವುದು ಒಂದು ರಾಜ್ಯದಲ್ಲಿ, ಮಾರುವುದು ಇನ್ನೊಂದರಲ್ಲಿ. ಬೆಂಗಳೂರಿನ ಕಾರ್ಪೊರೇಟರಿಗೆ ನಮ್ಮ ಓಟಿಲ್ಲ, ನಮ್ಮ ಶಾಸಕರಿಗೆ ಆ ಬೀದಿಯ ಮೇಲೆ ಅಧಿಕಾರವಿಲ್ಲ. 2025ರ ಸೆಪ್ಟೆಂಬರಿನಿಂದ ಬೆಂಗಳೂರು ಒಂದೇ ಪಾಲಿಕೆಯಾಗಿರದೆ ಐದು ನಗರ ಪಾಲಿಕೆಗಳಾಗಿರುವುದರಿಂದ, ಯಾವ ಬೀದಿ ಯಾವ ಪಾಲಿಕೆಗೆ ಸೇರಿತೆಂಬುದನ್ನು ಮೊದಲು ತಿಳಿಯಬೇಕು. ಆದರೂ ಅರ್ಜಿ ಕೊಡಲು ಓಟು ಬೇಕಿಲ್ಲ. ನಮ್ಮ ಸಲಹೆ ಇಷ್ಟು. ಒಂದೇ ಮಂಡಿಗೆ ಹೋಗುವ ಹತ್ತು ಹದಿನೈದು ಮಂದಿ ಸೇರಿ, ಮಂಡಿಯ ವರ್ತಕರ ಸಹಿಯನ್ನೂ ಹಾಕಿಸಿ, ಸಂಚಾರ ಪೋಲೀಸಿಗೂ ಪಾಲಿಕೆಗೂ ಕನ್ನಡದಲ್ಲಿ ಬರೆದ ಅರ್ಜಿ ಕೊಡಬೇಕು. ತೊಂದರೆಯಾಗುತ್ತದೆ ಎಂದು ಬರೆದರೆ ಸಾಲದು. ಎಷ್ಟು ಗಾಡಿಗಳು, ಎಷ್ಟು ಗಂಟೆಗೆ ಬರುತ್ತವೆ, ಇಳಿಸಲು ಎಷ್ಟು ನಿಮಿಷ ಹಿಡಿಯುತ್ತದೆ, ಬೀದಿ ಎಷ್ಟು ಅಡಿ ಅಗಲ ಎಂಬುದನ್ನು ಒಂದು ವಾರ ಬರೆದಿಟ್ಟು ಅದನ್ನೇ ಅರ್ಜಿಗೆ ಲಗತ್ತಿಸಬೇಕು. ಅಳೆಯಲು ನಮ್ಮ ಶಾಲೆಯ ಹಗ್ಗವನ್ನು ಯಾರು ಬೇಕಾದರೂ ಕೊಂಡೊಯ್ಯಬಹುದು.

ಈಗ ನಮ್ಮ ಪಾಲುಗಾಡಿಯಲ್ಲಿ ಮಾಲಿನ ಜೊತೆ ಇಬ್ಬರು ಹೋಗುತ್ತಾರೆ. ಒಬ್ಬ ಮಂಡಿಗೆ ಓಡುತ್ತಾನೆ, ಡ್ರೈವರು ಸೀಟು ಬಿಡುವುದಿಲ್ಲ. ಚೀಲ ಇಳಿಸಿದೊಡನೆ ಗಾಡಿ ಪೇಟೆ ಬಿಟ್ಟು ಹೊರಟು, ಹಣ ಕೊಟ್ಟು ನಿಲ್ಲಿಸುವ ಬಯಲಿಗೆ ಹೋಗುತ್ತದೆ. ಆ ಹಣವನ್ನು ಬಾಡಿಗೆಯ ಜೊತೆ ಎಲ್ಲರೂ ಹಂಚಿಕೊಳ್ಳುತ್ತೇವೆ. ಮಕ್ಕಳು ರಟ್ಟಿನ ಮೇಲೆ ಎಲ್ಲ ಚಿಹ್ನೆಗಳ ಚಿತ್ರ ಬರೆದು, ಕೆಳಗೆ ಒಂದು ಸಾಲು ಕನ್ನಡದಲ್ಲಿ, ಒಂದು ಸಾಲು ತಮಿಳಿನಲ್ಲಿ ಅರ್ಥ ಬರೆದು ಡ್ರೈವರಿಗೆ ಕೊಟ್ಟಿದ್ದಾರೆ. ಅವನು ಅದನ್ನು ಗಾಡಿಯ ಕನ್ನಡಿಯ ಕೆಳಗೆ ಅಂಟಿಸಿಕೊಂಡಿದ್ದಾನೆ. ಹೋದ ವಾರ ಬಂದು, ತನ್ನ ಭಾವಮೈದುನನ ಲಾರಿಗೂ ಅಂಥದೊಂದು ಬೇಕೆಂದು ಕೇಳಿದ.